ಮಾಸ್ತರರ ವಾಟರ್‌ಮಾರ್ಕು

ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯ ನಮ್ಮ ಕನ್ನಡ ಮಾಸ್ತರರೊಬ್ಬರು ಈಚೆಗೆ ಕಾಪಿರೈಟ್ ಕಾಯ್ದೆ ಓದಿದ್ದಾರೆ. ಪೂರ್ತಿ ಓದಿದ್ದರೆ ಚಿಂತೆಯಿರಲಿಲ್ಲ, ಅರ್ಧಕ್ಕೇ ಬಿಟ್ಟಿದ್ದಾರೆ. ಅವತ್ತಿನಿಂದ ಕಾಲೇಜಿನ ಆನ್‌ಲೈನ್ ಪಾಠದ ತಾಣವಾದ ಎಲ್‌ಎಂಎಸ್‌ಗೆ ಹಾಕುವ ಒಂದೊಂದು ಪಿಡಿಎಫ್ ಮೇಲೂ ಮೂಲೆಯಿಂದ ಮೂಲೆಗೆ ಅವರ ಹೆಸರು, ಡಿಗ್ರಿಗಳ ಸಮೇತ. ಪಾಠ ಕಾಣುವುದಿಲ್ಲ, ಮಾಸ್ತರರು ಕಾಣುತ್ತಾರೆ. ಹುಡುಗರು ಜಾಣರು. ಮುಂದಿನ ಬೆಂಚಿನ ಹುಡುಗಿ ಕೈಯಲ್ಲಿ ಬರೆದಿಟ್ಟ ನೋಟ್ಸಿನ ಫೋಟೊ ಹೊಡೆದು ವಾಟ್ಸಾಪ್ ಗ್ರೂಪಿಗೆ ಬಿಟ್ಟರು.

‘ಸರ, ನಿಮಗ ಈ ನೋಟ್ಸು ಎಲ್ಲಿಂದ ಬಂತ್ರೀ?’ ಎಂದು ಕೇಳುವ ಎದೆಗಾರಿಕೆ ಯಾರಿಗಿದೆ? ಅರ್ಧ ಗೈಡಿನದು, ಕಾಲು ಧಾರವಾಡದ ಗೆಳೆಯರದು, ಉಳಿದ ಕಾಲು ಅವರ ಗುರುಗಳು ಬರೆಸಿದ್ದು. ತುಂಗಭದ್ರಾ ಎಡದಂಡೆ ಕಾಲುವೆಗೆ ರಾತ್ರಿ ಮೋಟರ್ ಇಟ್ಟು ನೀರೆತ್ತಿದಾತ ಬೆಳಗ್ಗೆ ಬದುವಿನ ಮೇಲೆ ನಿಂತು ‘ನನ್ನ ನೀರು, ಯಾರೂ ಮುಟ್ಟಬ್ಯಾಡ್ರಿ’ ಅಂದಂತೆ. ನಮ್ಮ ಕಾಲೇಜುಗಳಿಗೆ ಮೊದಲು ಗುಲ್ಬರ್ಗಾ ವಿಶ್ವವಿದ್ಯಾಲಯವಿತ್ತು, 2010ರಲ್ಲಿ ಬಳ್ಳಾರಿಯದು ಹುಟ್ಟಿತು, 2023ರಲ್ಲಿ ಕೊಪ್ಪಳಕ್ಕೇ ಒಂದು ಬಂತು. ನೋಟ್ಸು ಮಾತ್ರ ಕುಂತಲ್ಲಿಂದ ಅಲ್ಲಾಡಿಲ್ಲ.

ಮಾಸ್ತರರನ್ನಷ್ಟೇ ಯಾಕೆ ಆಡಿಕೊಳ್ಳಬೇಕು? ತಿರುಳ್ಗನ್ನಡದ ಸೀಮೆಯೊಳಗೆ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಎಣಿಸಿತೆಂದು ನಾವು ಎದೆಯುಬ್ಬಿಸುವ 9ನೇ ಶತಮಾನದ ಕವಿರಾಜಮಾರ್ಗವೇ ದಂಡಿಯ ಸಂಸ್ಕೃತ ಕಾವ್ಯಾದರ್ಶದಿಂದ ಕೈತುಂಬ ಎತ್ತಿಕೊಂಡಿದೆ. ಇವತ್ತು ಅದನ್ನು ಪಿಎಚ್.ಡಿ.ಗೆ ಕೊಟ್ಟಿದ್ದರೆ, ಭಾಷೆ ಬೇರೆಯಾದ್ದರಿಂದ ಕೃತಿಚೌರ್ಯದ ಸಾಫ್ಟ್‌ವೇರು ಸುಮ್ಮನಿರುತ್ತಿತ್ತೋ ಏನೋ. ವೈವಾಕ್ಕೆ ಬಂದ ಹಿರಿಯರು ಮಾತ್ರ ಬಿಡುತ್ತಿರಲಿಲ್ಲ.

ಮಾಸ್ತರರು ಓದದೆ ಬಿಟ್ಟ ಅರ್ಧದಲ್ಲೇ ಸ್ವಾರಸ್ಯ ಇರುವುದು. 1957ರ ಕಾಯ್ದೆಯ 52ನೇ ಕಲಂ ಪಾಠದ ಸಲುವಾಗಿ ಶಿಕ್ಷಕ ಅಥವಾ ವಿದ್ಯಾರ್ಥಿ ಪ್ರತಿ ತೆಗೆದರೆ ಹಕ್ಕಿನ ಉಲ್ಲಂಘನೆಯಲ್ಲ ಎನ್ನುತ್ತದೆ. ಈ ಕಲಂ ಕೋರ್ಟಿನ ಕಟ್ಟೆ ಹತ್ತಿದ ಕಥೆಯೂ ಇದೆ. ದಿಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿ ರಾಮೇಶ್ವರಿ ಎಂಬ ಜೆರಾಕ್ಸ್ ಅಂಗಡಿ. ಮೇಷ್ಟ್ರು ಹೇಳಿದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ಬೈಂಡ್ ಹಾಕಿ ಮಾರುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್‌ನಂಥ ಘಟಾನುಘಟಿ ಪ್ರಕಾಶಕರು 2012ರಲ್ಲಿ ಆ ಅಂಗಡಿಯ ಮೇಲೆ, ಜೊತೆಗೆ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದರು. 2016ರ ಸೆಪ್ಟೆಂಬರಿನಲ್ಲಿ ದಿಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅದನ್ನು ವಜಾ ಮಾಡಿದರು. ಕಾಪಿರೈಟ್ ದೇವರು ಕೊಟ್ಟ ಹಕ್ಕೇನಲ್ಲ ಎಂಬ ಅರ್ಥದ ಮಾತನ್ನೂ ಆಡಿದರು. ಡಿಸೆಂಬರಿನಲ್ಲಿ ಮೇಲ್ಮನವಿ ಕೇಳಿದ ವಿಭಾಗೀಯ ಪೀಠ, ಪಾಠಕ್ಕೆ ಬೇಕಾದಷ್ಟು ಪ್ರತಿ ತೆಗೆಯಬಹುದು, ಆದರೆ ತೆಗೆದಷ್ಟೂ ಬೇಕಿತ್ತೋ ಇಲ್ಲವೋ ವಿಚಾರಣೆಯಲ್ಲಿ ತಿಳಿಯಲಿ ಎಂದಿತು. ಅಷ್ಟರಲ್ಲಿ, 2017ರ ಮಾರ್ಚಿನಲ್ಲಿ, ಪ್ರಕಾಶಕರೇ ದಾವೆ ವಾಪಸು ತೆಗೆದುಕೊಂಡು ಹೊರಟರು.

ಅದು ಕಾಗದದ ಜಗಳ, ಎಲ್‌ಎಂಎಸ್‌ದಲ್ಲ. ಲಾಗಿನ್ ಇಟ್ಟು ಆ ಕ್ಲಾಸಿನ ಹುಡುಗರಿಗಷ್ಟೇ ಬೇಕಾದ ಅಧ್ಯಾಯ ಕೊಟ್ಟಾತನಿಗೆ 52ನೇ ಕಲಂ ತೋರಿಸುವ ಧೈರ್ಯವಾದರೂ ಇರುತ್ತದೆ. ಇಡೀ ಕಾದಂಬರಿ ಸ್ಕ್ಯಾನ್ ಮಾಡಿ ಲಿಂಕನ್ನು ಊರ ಗ್ರೂಪಿಗೆಲ್ಲ ಎಸೆದಾತನ ಬಾಯಲ್ಲಿ ಪಾಠದ ಮಾತು ಬಂದರೆ ನ್ಯಾಯಾಧೀಶರೂ ನಗುತ್ತಾರೆ. ವಚನಗಳಿಗೆ ಈ ರಗಳೆಯಿಲ್ಲ, ಸಂಪಾದಕರ ಅಡಿಟಿಪ್ಪಣಿಗಿದೆ. ಕವಿ ತೀರಿಕೊಂಡ ವರ್ಷದ ಮೇಲೆ 60 ವರ್ಷ ಹಕ್ಕು ಉಳಿಯುವುದರಿಂದ ಬೇಂದ್ರೆಯವರದು 2041ರ ಕೊನೆಯವರೆಗೆ, ಕುವೆಂಪು ಅವರದು 2054ರವರೆಗೆ.

ಇಷ್ಟೆಲ್ಲ ಹೇಳಿದ ಮೇಲೂ ಮಾಸ್ತರರದು ಒಂದೇ ಪಟ್ಟು: ‘ಅದೆಲ್ಲಾ ಇರ್ಲಿ. ನನ್ನ ನೋಟ್ಸಿಗೆ ಒಡೆಯ ನಾನs ಹೌದಲ್ರೀ?’

17ನೇ ಕಲಂ ತೋರಿಸಿದೆ. ನೌಕರಿಯ ಭಾಗವಾಗಿ ಬರೆದದ್ದಕ್ಕೆ, ಬೇರೆ ಕರಾರಿಲ್ಲದಿದ್ದರೆ, ಮೊದಲ ಒಡೆಯ ನೌಕರಿ ಕೊಟ್ಟವರು. ಲೆಕ್ಚರರ ನೋಟ್ಸೂ ಇದರೊಳಗೆ ಬರುತ್ತದೋ ಇಲ್ಲವೋ ಎಂದು ವಕೀಲರು ಬೇಕಾದರೆ ಬಡಿದಾಡಲಿ. ಅತಿಥಿ ಉಪನ್ಯಾಸಕರ ಕಥೆಯಂತೂ ಕೇಳಲೇಬೇಡಿ. ಸಂಬಳವೇ ಸಮಯಕ್ಕೆ ಬಾರದವರ ಮುಂದೆ ಹಕ್ಕಿನ ಮಾತೇನು?

‘ಅಂದ್ರ, ಬರದದ್ದು ಸರಕಾರದ್ದ ಆಗಬಹುದು ಅಂತೀರಿ?’ ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮುಖ ಅರಳಿತು. ‘ಹಂಗಾದ್ರ ಅದರಾಗಿನ ತಪ್ಪೂ ಸರಕಾರದ್ದs ಅಲ್ರೀ?’