ಅಭಿನಂದನೆ, ನಿಮ್ಮ ಫೋಟೋ ಆಯ್ಕೆಯಾಗಿದೆ!

ಬೆಂಗಳೂರಿನ ಆರ್‌ಪಿಸಿ ಲೇಔಟಿನ ಮಹಡಿಯೊಂದರಿಂದ ತೆಗೆದ ಮಳೆಯ ಚಿತ್ರ ಪುಸ್ತಕಕ್ಕೆ ಆಯ್ಕೆಯಾಯಿತೆನ್ನಿ. ಪ್ರಕಾಶಕರ ಫೋನು ಹೀಗಿರುತ್ತದೆ: “ಸಾರ್, ಅಭಿನಂದನೆ! ನಿಮ್ಮ ಫೋಟೋನೇ ಮುಖಪುಟ.” “ಸಂತೋಷ. ಸಂಭಾವನೆ?” “ಒಳಗಡೆ ನಿಮ್ಮ ಹೆಸರು ಹಾಕ್ತೀವಲ್ಲ ಸಾರ್!” “ಕಾಗದದ ಅಂಗಡಿಯವರಿಗೂ ಹೆಸರೇ ಹಾಕ್ತೀರಾ?” “ಛೇ, ಅವರು ದುಡ್ಡಿಲ್ಲದೆ ಒಂದು ರೀಮೂ ಇಳಿಸಲ್ಲ.” ಕಾಗದಕ್ಕೆ ಬೆಲೆ, ಅದರ ಮೇಲಿನ ಚಿತ್ರಕ್ಕೆ ಬರೀ ಅಭಿನಂದನೆ ಎಂಬ ಈ ಅರ್ಥಶಾಸ್ತ್ರಕ್ಕೆ ಕಾನೂನಿನ ಬೆಂಬಲವಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹವ್ಯಾಸಕ್ಕೆ ತೆಗೆದ ಚಿತ್ರದ ಮೊದಲ ಒಡೆಯರು ತೆಗೆದವರೇ. 2012ರ ತಿದ್ದುಪಡಿಯ ಬಳಿಕ ಆ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಬಾಳುತ್ತದೆ. ಹೆಸರು ಹಾಕುವುದೂ ದಾನವಲ್ಲ, 57ನೇ ಸೆಕ್ಷನ್ ಕೊಟ್ಟ ಹಕ್ಕು.

“ಕನ್ನಡ ಪುಸ್ತಕ ಸಾರ್, 500 ಪ್ರತಿ ಹೋದರೆ ಹೆಚ್ಚು” ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗಾದರೆ ಪುಕ್ಕಟೆ ಬೇಕೆಂದು ನೇರವಾಗಿ ಕೇಳಲಿ. ಬಡತನವನ್ನು ಹೇಳಿಕೊಳ್ಳಬಹುದು, ಪ್ರಶಸ್ತಿಯೆಂದು ಹಂಚಬಾರದು. “ಮೊಬೈಲಲ್ಲಿ ಒತ್ತಿದ್ದು ತಾನೆ?” ಎಂದರೆ, ಕಾಯ್ದೆ ಕ್ಯಾಮೆರಾದ ಬೆಲೆ ವಿಚಾರಿಸುವುದಿಲ್ಲ. “ಹೆಸರು ಯಾರು ನೋಡ್ತಾರೆ?” ಎಂದರೆ, ಹಂಪಿನಗರವೆಂದೂ ಕರೆಸಿಕೊಳ್ಳುವ ಆರ್‌ಪಿಸಿ ಲೇಔಟಿನವರಿಗೆ ಉತ್ತರ ಹತ್ತಿರದಲ್ಲೇ ಇದೆ: 1856ರಲ್ಲಿ ಹಂಪಿಯ ಚಿತ್ರ ತೆಗೆದ ಅಲೆಕ್ಸಾಂಡರ್ ಗ್ರೀನ್‌ಲಾ ಹೆಸರು ಇಂದಿಗೂ ಪುಸ್ತಕಗಳಲ್ಲಿ ಆ ಚಿತ್ರಗಳ ಜೊತೆಗಿದೆ. ಆದ್ದರಿಂದ ಅಭಿನಂದನೆ ಬಂದ ಕೂಡಲೇ ಪೇಡ ಹಂಚಬೇಡಿ. ಯಾವ ಮುದ್ರಣಕ್ಕೆ, ಎಷ್ಟು ಕಾಲಕ್ಕೆ, ಏನು ಕೊಡುತ್ತೀರಿ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.