ಹಳದಿ ಬಸ್ಸಿಗೆ ಗೃಹಪ್ರವೇಶ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ನಮ್ಮ ಹಿರಿಯರು ಅಮೆರಿಕದ ಹಳೇ ಸ್ಕೂಲ್ ಬಸ್ಸನ್ನು ನೋಡಿರಲಿಲ್ಲ. ಅಲ್ಲಿ ಮಕ್ಕಳನ್ನು ಹೊತ್ತು ಹೊತ್ತು ನಿವೃತ್ತಿಯಾದ ಬಸ್ಸನ್ನು ಹರಾಜಿನಲ್ಲಿ ಹಿಡಿದು, ಮಂಚ, ಒಲೆ, ಕಕ್ಕಸು ಎಲ್ಲ ಕೂರಿಸಿ ಸಂಸಾರ ಹೂಡುತ್ತಾರೆ. ಕೇಳಲು ಸೊಗಸು. ಮೊದಲು ಸೀಟು ಕೀಳಬೇಕಲ್ಲ! ಬೋಲ್ಟುಗಳು ತುಕ್ಕು ಹಿಡಿದು ನೆಲಕ್ಕೆ ಕಚ್ಚಿಕೊಂಡಿರುತ್ತವೆ. ಗಂಡ ಒಳಗೆ ಸ್ಪ್ಯಾನರ್ ತಿರುಗಿಸಿದರೆ ಹೆಂಡತಿ ಬಸ್ಸಿನಡಿ ಮಲಗಿ ನಟ್ಟು ಹಿಡಿಯಬೇಕು. ದಾಂಪತ್ಯದ ಪರೀಕ್ಷೆ ಅಲ್ಲೇ ಮುಗಿಯುತ್ತದೆ, ಪಾಸೋ ಫೇಲೋ. ರಬ್ಬರ್ ಹಾಸು, ಪ್ಲೈವುಡ್ ಎತ್ತಿದರೆ ಅಡಿಯಲ್ಲಿ ಇನ್ನಷ್ಟು ತುಕ್ಕು, ಜೊತೆಗೆ ಯಾವುದೋ ಕಾಲದ ಚ್ಯೂಯಿಂಗ್ ಗಮ್ಮು.

ಆಮೇಲೆ ಬಣ್ಣ. ಸ್ಕೂಲ್ ಬಸ್ಸಿನ ಆ ಹಳದಿ 1939ರಲ್ಲಿ ಶಿಕ್ಷಣ ಪ್ರಾಧ್ಯಾಪಕ ಫ್ರಾಂಕ್ ಸೈರ್ ಕರೆದ ಸಭೆಯಲ್ಲಿ ನಿಶ್ಚಯವಾದದ್ದು, ಮುಂಜಾನೆಯ ಮಬ್ಬಿನಲ್ಲೂ ಎದ್ದು ಕಾಣಲೆಂದು. ಸ್ಕೂಲು ಬಿಟ್ಟ ಬಸ್ಸಿಗೆ ಹಲವು ರಾಜ್ಯಗಳಲ್ಲಿ ಆ ಬಣ್ಣ ನಿಷಿದ್ಧ. 1964ರಲ್ಲಿ ಕಾದಂಬರಿಕಾರ ಕೆನ್ ಕೀಸಿಗೆ ಆ ಚಿಂತೆಯೇ ಇರಲಿಲ್ಲ ಬಿಡಿ. ಹಳೇ ಸ್ಕೂಲ್ ಬಸ್ಸಿಗೆ ಕಂಡಕಂಡ ಬಣ್ಣವೆಲ್ಲ ಬಳಿದು ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿಗೆ ಹೊರಟ.

ಇನ್ನು ಇಂಥ ಬಸ್ಸಿನ ಒಳಗಿನ ಎತ್ತರ ಸಾಮಾನ್ಯವಾಗಿ ಆರಡಿಯ ಆಸುಪಾಸು. ಹೊಸ ನೆಲ ಹಾಸಿದರೆ ಅದೂ ಇಲ್ಲ. ಬಸ್ಸು ಕೊಳ್ಳುವ ಮುನ್ನ ದಯವಿಟ್ಟು ಅಳಿಯನ ಎತ್ತರ ಅಳೆದುಕೊಳ್ಳಿ.