ಅಜ್ಜಿಯ ಆರು ತಿಂಗಳ ಪಠ್ಯಕ್ರಮ

ಮಕ್ಕಳನ್ನು ಶಾಲೆಗೆ ಕಳಿಸದೆ ತಂದೆತಾಯಿಯೇ ಮನೆಯಲ್ಲಿ ಓದಿಸುವ ಪದ್ಧತಿಗೆ ಹೋಮ್‌ಸ್ಕೂಲಿಂಗ್ ಎನ್ನುತ್ತಾರೆ. 1993ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಅದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಗಳಿಗೆ ಮಾತ್ರ ಆ ಸುದ್ದಿ "ಹುಡುಗನ್ನ ಸಾಲಿ ಬಿಡಿಸ್ಯಾರಂತ" ಎಂದೇ ಮುಟ್ಟುತ್ತದೆ. ಆ ಸೀಮೆಯಲ್ಲಿ ಸಾಲಿ ಬಿಟ್ಟ ಹುಡುಗ ದನ ಕಾಯಲು ಹೋಗುತ್ತಾನೆ, ಇಲ್ಲವೇ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಾನೆ. ಹೀಗಾಗಿ ಟೆಕ್ಸಸ್‌ನ ಸಾಫ್ಟ್‌ವೇರ್ ಮಗ ಫೋನಿನಲ್ಲಿ ವಿಷಯ ತಿಳಿಸಿದಾಗ ತಾಯಿಯ ಮೊದಲ ಪ್ರಶ್ನೆ "ನೌಕರಿ ಹೋತೇನಪಾ?" ಎಂಬುದು. ಬೆನ್ನಿಗೇ ಬರುವ ಮಾತು: "ಫೀ ಎಷ್ಟು ಬೇಕು ಹೇಳು, ಹೊಲದಾಗಿನ ಕಡ್ಲಿ ಮಾರಿ ಕಳಸ್ತೀವಿ." ಅಲ್ಲಿನ ಸರ್ಕಾರಿ ಶಾಲೆಗೆ ಫೀಯೇ ಇಲ್ಲವೆಂದು ತಿಳಿದ ಮೇಲೆ ಗಾಬರಿ ಇನ್ನೂ ಹೆಚ್ಚುತ್ತದೆ. ಪುಕ್ಕಟೆ ಸಾಲಿ, ಮನೆ ಹತ್ತಿರಕ್ಕೇ ಹಳದಿ ಬಸ್ಸು, ಆದರೂ ಕಳಿಸುವುದಿಲ್ಲವೆಂದರೆ ಸೊಸೆಗೇ ಏನೋ ಆಗಿರಬೇಕು ಎಂದು ತೀರ್ಮಾನವಾಗುತ್ತದೆ.

ಈ ಪದ್ಧತಿಗೆ ದನಿ ಕೊಟ್ಟವರಲ್ಲಿ ಜಾನ್ ಹೋಲ್ಟ್ ಮುಖ್ಯ. 1977ರಲ್ಲಿ ಆತ ಇದಕ್ಕೆಂದೇ ಒಂದು ಪತ್ರಿಕೆ ಶುರುಮಾಡಿದ. ಜನ ಗುಂಪುಗುಂಪಾಗಿ ಇತ್ತ ಹೊರಳಿದ್ದು ಕೋವಿಡ್ ಕಾಲದಲ್ಲಿ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಹೀಗೆ ಕಲಿಸುವವು 2020ರ ವಸಂತದಲ್ಲಿ ಶೇ. 5.4 ಇದ್ದವು, ಅದೇ ವರ್ಷದ ಶರತ್ಕಾಲಕ್ಕೆ ಶೇ. 11.1 ಆದವು ಎಂದು ಅಮೆರಿಕದ ಜನಗಣತಿ ಇಲಾಖೆಯ ಸಮೀಕ್ಷೆ ಹೇಳುತ್ತದೆ. ನಿಯಮಗಳು ರಾಜ್ಯಕ್ಕೊಂದು ತರಹ. ನ್ಯೂಯಾರ್ಕ್‌ನಲ್ಲಿ ಮೂರು ತಿಂಗಳಿಗೊಮ್ಮೆ ವರದಿ ಒಪ್ಪಿಸಬೇಕು. ಟೆಕ್ಸಸ್‌ನಲ್ಲಿ, ಶಾಲೆಯ ಮೆಟ್ಟಿಲನ್ನೇ ಹತ್ತದ ಮಗುವಿನ ಬಗ್ಗೆ ಯಾರಿಗೂ ಅರ್ಜಿ ಹಾಕಬೇಕಾಗಿಲ್ಲ. ಉತಾರಕ್ಕಾಗಿ ತಹಶೀಲ್ದಾರ ಕಚೇರಿಯಲ್ಲಿ ನಿಂತು ನಿಂತೇ ಮುಪ್ಪಾದ ಅಜ್ಜನಿಗೆ ಇದನ್ನು ನಂಬುವುದು ಕಷ್ಟ. ಸಿಕ್ಕಾ ಬೀಳದ ವಿದ್ಯೆ ವಿದ್ಯೆಯೇ ಅಲ್ಲ ಎಂಬುದು ಅವರ ಗಟ್ಟಿ ಅಭಿಪ್ರಾಯ.

ಆಟದ ಮೂಲಕ ಕಲಿಕೆ ಎಂಬ ವಿಚಾರ ಇನ್ನೂ ಹಳೆಯದು. ಜರ್ಮನಿಯ ಫ್ರೋಬೆಲ್ 1837ರಲ್ಲಿ ಮರದ ಚೆಂಡು, ಚೌಕಗಳನ್ನು ಮಕ್ಕಳ ಕೈಗೆ ಕೊಟ್ಟ. ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆ ತೆರೆದಳು. ಹೊರನಾಡಿನ ಮನೆಗಳಲ್ಲಿ ಈ ಪರಂಪರೆ ಒಂದು ಪ್ಲಾಸ್ಟಿಕ್ ಡಬ್ಬಿಯ ರೂಪದಲ್ಲಿ ಉಳಿದಿದೆ. ಅದರಲ್ಲಿ ಬಣ್ಣ ಹಚ್ಚಿದ ಅಕ್ಕಿ, ರಾಜ್ಮಾ, ತೊಗರಿಬೇಳೆ ತುಂಬಿರುತ್ತಾರೆ. ಮಗು ಕೈಯಾಡಿಸುತ್ತ ಸ್ಪರ್ಶಜ್ಞಾನ ಪಡೆಯಬೇಕು. ಸಂದರ್ಶಕ ವೀಸಾದ ಮೇಲೆ ಆರು ತಿಂಗಳಿಗೆ ಬಂದಿಳಿಯುವ ಅಜ್ಜಿ ಅದನ್ನು ನೋಡಿ ಕೇಳುವುದು ಒಂದೇ: "ಕಾಳು ಹಸನ ಮಾಡಾಕ ಕುಂದರ್ಸೀಯೇನವಾ? ಬಣ್ಣಾ ಯಾಕ ಹಚ್ಚೀ, ಯಾರ ಉಣ್ಣೋರು?" ಮರುದಿನ ಹೊಸ ಚೀಲ ಬಿಚ್ಚಿ, ಮೊರದ ಬದಲು ಊಟದ ತಾಟಿನಲ್ಲೇ ಕಾಳು ಹರವಿ, ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಾಳೆ. ಸಂಜೆಗೆ ಕಸ ಬೇರೆ, ಕಾಳು ಬೇರೆ, ಮುಕ್ಕು ಬೇರೆ. ತಾಯಿ ತನ್ನ ಡೈರಿಯಲ್ಲಿ "ವರ್ಗೀಕರಣ, ಬೆರಳುಗಳ ಸೂಕ್ಷ್ಮ ಚಲನೆ, ಏಕಾಗ್ರತೆ" ಎಂದು ಬರೆದುಕೊಳ್ಳುತ್ತಾಳೆ. ರಾತ್ರಿ ಪಠ್ಯಸಾಮಗ್ರಿಯನ್ನು ಕುಕ್ಕರಿಗೆ ಹಾಕಲಾಗುತ್ತದೆ.

ಮಣ್ಣಿನ ವಿಷಯದಲ್ಲಿ ತಕರಾರು ದೊಡ್ಡದು. ನವಲಗುಂದ ತಾಲ್ಲೂಕಿನಲ್ಲಿ ಕಣ್ಣು ಹಾಯಿಸಿದಷ್ಟೂ ಎರೆಮಣ್ಣು. ಜ್ಯೇಷ್ಠದ ಅಮಾವಾಸ್ಯೆಗೆ, ಅಂದರೆ ಮಣ್ಣೆತ್ತಿನ ಅಮಾವಾಸ್ಯೆಗೆ, ಮನೆಮನೆಯಲ್ಲಿ ಅದರಿಂದ ಎತ್ತು ಮಾಡಿ ಪೂಜಿಸುತ್ತಾರೆ. ಆಷಾಢದಲ್ಲಿ ಹುಡುಗಿಯರ ಗುಳ್ಳವ್ವನಿಗೂ ಅದೇ ಮಣ್ಣು. ಅಮೆರಿಕದಲ್ಲಿ ಮಣ್ಣು ಸಣ್ಣ ಸಣ್ಣ ಡಬ್ಬಿಯಲ್ಲಿ, ಬಣ್ಣಕ್ಕೊಂದು ಮುಚ್ಚಳ ಹಾಕಿಕೊಂಡು, ರೊಕ್ಕಕ್ಕೆ ಬರುತ್ತದೆ. ದುಡ್ಡು ಕೊಟ್ಟು ಮಣ್ಣು ತರುವ ಮಗನನ್ನು ಕಂಡು ಕೆಲಹೊತ್ತು ಮೌನವಾಗುವ ಅಜ್ಜಿ ಕಡೆಗೆ ಅದರಲ್ಲೇ ಎರಡು ಎತ್ತು ಮಾಡುತ್ತಾಳೆ. ಒಂದು ನೀಲಿ, ಇನ್ನೊಂದಕ್ಕೆ ಗುಲಾಬಿ ಇಣಿ. ಅವಕ್ಕೆ ಕಡುಬಿನ ನೈವೇದ್ಯವೂ ಆಗುತ್ತದೆ. ನಾಲ್ಕೇ ದಿನಕ್ಕೆ ಎತ್ತು ಒಣಗಿ ಬಿರುಕು ಬಿಟ್ಟಾಗ ಆಕೆಗೆ ಮೊದಲ ಸಲ ಆ ಮಣ್ಣಿನ ಮೇಲೆ ನಂಬಿಕೆ ಬರುತ್ತದೆ: ಬೇಸಿಗೆಯಲ್ಲಿ ಬಿರಿಯದಿದ್ದರೆ ಅದೆಂಥ ಹೊಲ?

ಗಣಿತಕ್ಕೆ ಚೌಕಾಬಾರ ಸಾಕು. ನೆಲದ ಮೇಲೆ ಐದೈದು ಮನೆಯ ಚೌಕ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಇಲ್ಲಿ ಎರಡು ಶಿಕ್ಷಣ ಸಿದ್ಧಾಂತಗಳು ಎದುರುಬದುರಾಗುತ್ತವೆ. ಮಗುವಿನ ಆತ್ಮವಿಶ್ವಾಸಕ್ಕಾಗಿ ಆಗಾಗ ಬೇಕೆಂದೇ ಸೋಲಬೇಕು ಎಂಬುದು ತಾಯಿಯ ಮತ. ಅಜ್ಜಿ ಆರು ವರ್ಷದ ಮೊಮ್ಮಗನ ಕಾಯಿಯನ್ನು ಹಣ್ಣಾಗುವ ಹೊಸ್ತಿಲಲ್ಲೇ ಹೊಡೆದು, ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಹುಡುಗ ಅತ್ತು, ಮೂಗು ಒರೆಸಿಕೊಂಡು, ಮತ್ತೆ ಕವಡೆ ಎತ್ತುತ್ತಾನೆ. ಎಷ್ಟು ಬಿದ್ದರೆ ಅಜ್ಜಿಯ ಕಾಯಿ ಸಾಯುತ್ತದೆ ಎಂದು ಲೆಕ್ಕ ಹಾಕಲು ಕಲಿಯುವುದು ಹಾಗೆಯೇ. ಫಲಿತಾಂಶ ನೋಡಿದರೆ ಅಜ್ಜಿಯ ಮತವೇ ಮೇಲು ಎನ್ನಬೇಕಾಗುತ್ತದೆ.

ಓದಿಗೆ ಬಂದರೆ, ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳು ಮಕ್ಕಳಿಗೆ ಚೀಲಗಟ್ಟಲೆ ಪುಸ್ತಕ ಕೊಡುತ್ತವೆ. ಕನ್ನಡದ ಕೊರತೆಯನ್ನು ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣ ಸ್ವಲ್ಪ ನೀಗಿಸಿದೆ. ಅಲ್ಲಿನ ಕತೆಗಳಿಗೆ ದುಡ್ಡಿಲ್ಲ. ಕೇಳಿದ ಕತೆಯನ್ನು ಮಗು ತಿರುಗಿ ತನ್ನ ಮಾತಲ್ಲಿ ಹೇಳಬೇಕು ಎಂಬುದು ಇಂಗ್ಲೆಂಡಿನ ಶಾರ್ಲಟ್ ಮೇಸನ್ (1842–1923) ಹಾಕಿಕೊಟ್ಟ ವಿಧಾನ, ಹೋಮ್‌ಸ್ಕೂಲಿಂಗ್ ತಾಯಂದಿರಿಗೆ ಬಹಳ ಪ್ರಿಯ. ಅಜ್ಜಿಯ ಷರತ್ತು ಇದಕ್ಕಿಂತ ಕಡಿಮೆ: ಹೂಂಗುಟ್ಟಿದರೆ ಸಾಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಮೊಮ್ಮಗ "ಓಕೆ" ಅಂದರೂ ನಡೆಯುತ್ತದೆ ಎಂಬ ರಾಜಿಗೆ ಬರಲು ಆಕೆಗೆ ತಿಂಗಳೊಪ್ಪತ್ತು ಬೇಕು.

ಹೊರಸಂಚಾರ ಪಠ್ಯದ ಮುಖ್ಯ ಭಾಗ. ಷಿಕಾಗೋದ ಡೆವನ್ ಅವೆನ್ಯೂದಲ್ಲಿ 1974ರಲ್ಲಿ ಶುರುವಾದ ಪಟೇಲ್ ಬ್ರದರ್ಸ್‌ನಂಥ ದಿನಸಿ ಅಂಗಡಿಗಳೇ ಭಾರತೀಯ ಮಕ್ಕಳಿಗೆ ಭೂಗೋಳ, ಅರ್ಥಶಾಸ್ತ್ರ ಎರಡನ್ನೂ ಕಲಿಸುತ್ತವೆ. ಜೋಳದ ಹಿಟ್ಟಿನ ಚೀಲದ ಬೆಲೆಯನ್ನು ಅಜ್ಜಿ ರೂಪಾಯಿಗೆ ತಿರುಗಿಸಿ ಹೇಳು ಎನ್ನುತ್ತಾಳೆ. ಹತ್ತರ ಮಗ್ಗಿ ಗಟ್ಟಿಯಾಗುವ ಮೊದಲೇ ಹುಡುಗನಿಗೆ ಎಂಬತ್ತರ ಮಗ್ಗಿ ಬರತೊಡಗುತ್ತದೆ. ಉತ್ತರ ಕೇಳಿ ಆಕೆ ಚೀಲವನ್ನು ಅಲ್ಲೇ ಇಡುತ್ತಾಳೆ. ಸೊಸೆ ಕಣ್ಣು ತಪ್ಪಿಸಿ ಗಾಡಿಗೆ ಹಾಕುತ್ತಾಳೆ.

ವಾದ ಬಿಸಿಯಾದಾಗ ಮಗ ಎತ್ತುವ ಅಸ್ತ್ರ ಕುಂದಗೋಳ. ಹನ್ನೊಂದರ ವಯಸ್ಸಿಗೆ ಗದಗಿನ ಮನೆ ಬಿಟ್ಟು, ಗುರುವನ್ನರಸಿ ಉತ್ತರದ ಊರುಗಳನ್ನು ಸುತ್ತಿ, 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರಲ್ಲಿಗೆ ಬಂದ ಗಾಯಕ ಭೀಮಸೇನ ಜೋಶಿ ಯಾವ ಸಾಲಿಯಲ್ಲಿ ಕಲಿತರು? ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದದ್ದೂ ಆ ಗುರುವಿನ ಮನೆಗೇ ಅಲ್ಲವೇ? ಅಜ್ಜಿಗೆ ಈ ಇತಿಹಾಸ ಮಗನಿಗಿಂತ ಚೆನ್ನಾಗಿ ಗೊತ್ತು. "ಭೀಮಸೇನ ಗುರುವಿನ ಮನಿಗೆ ಕೊಡಾ ಹೊತ್ತು ನೀರ ತಂದಾನ. ನಿನ್ನ ಮಗ ತಾ ಕುಡದ ಲೋಟ ಎತ್ತಿಡಲಿ, ಆಮ್ಯಾಲ ಮಾತಾಡು."

ಜೂನ್‌ನಲ್ಲಿ ಕುಟುಂಬ ಊರಿಗೆ ಬರುತ್ತದೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯ 76 ಕಂಬಗಳನ್ನು ಎಣಿಸುವುದು, ನವಲಗುಂದದ ಹೆಣ್ಣುಮಕ್ಕಳು ಜಮಖಾನೆ ನೇಯುವುದನ್ನು ನೋಡುವುದು, ಕಲಘಟಗಿಯ ಬಣ್ಣದ ತೊಟ್ಟಿಲಿನ ಮೇಲಿನ ಚಿತ್ರಗಳನ್ನು ಗುರುತಿಸುವುದು, ಎಲ್ಲಕ್ಕೂ ತಾಯಿ ಪ್ರಶ್ನೆಪತ್ರಿಕೆ ಸಿದ್ಧಮಾಡಿ ತಂದಿರುತ್ತಾಳೆ. ಆದರೆ ಆ ಹೊತ್ತಿಗೆ ಊರಿನ ಸರ್ಕಾರಿ ಶಾಲೆ ಆಗಲೇ ತೆರೆದಿರುತ್ತದೆ. ಕಾಕಾನ ಮಕ್ಕಳ ಬೆನ್ನು ಹತ್ತಿ ಹೋದ ಹುಡುಗ ಗಂಟೆ, ಸಾಲು, ಗದ್ದಲ, ಬಿಸಿಯೂಟ, ಕ್ಷೀರಭಾಗ್ಯದ ಹಾಲು ಎಲ್ಲವನ್ನೂ ಕಂಡು ಸಂಜೆ ಮನೆಗೆ ಬಂದವನೇ ನಾಳೆಗೂ ಹೋಗುತ್ತೇನೆ ಎನ್ನುತ್ತಾನೆ. ಮರುದಿನವೂ ಅದೇ, ಮೂರನೆಯ ದಿನ ಎಲ್ಲರಿಗಿಂತ ಮೊದಲು ಎದ್ದು ತಾಟು ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಅಜ್ಜಿ ಏನೂ ಅನ್ನುವುದಿಲ್ಲ. ಸೊಸೆಯತ್ತ ನೋಡುವುದೂ ಇಲ್ಲ. ತಾಯಿಯ ಡೈರಿಯಲ್ಲಿ ಆ ದಿನಗಳೆಲ್ಲ "ಹೊರಸಂಚಾರ: ಗ್ರಾಮೀಣ ಶಿಕ್ಷಣ ಸಂಸ್ಥೆಯ ಅಧ್ಯಯನ" ಎಂಬ ಕಾಲಮ್ಮಿನಲ್ಲಿ ದಾಖಲಾಗುತ್ತವೆ.